ಮಂಗಳೂರಿನ ಚೀಟಿ, ಕಾಸರಗೋಡಿನ ಮೆಡಿಕಲ್: ಮಗುವಿನ ಫಿಟ್ಸ್ ಮದ್ದು, ರಕ್ತ ಪರೀಕ್ಷೆ ಹೇಗೆ ಹೊಂದಿಸುತ್ತೀರಿ?

ಪೆರ್ಲದಮ್ಮ
ನಮಸ್ಕಾರ ಎಲ್ಲರಿಗೂ. ಮಗಳಿಗೆ ಆರು ವರ್ಷ, ತೂಕ 18 ಕಿಲೋ. ಫಿಟ್ಸ್‌ಗೆ ಮದ್ದು ನಡೆಯುತ್ತಿದೆ. ವಾಲ್ಪ್ರೊಯೇಟ್ ಸಿರಪ್ ಬೆಳಿಗ್ಗೆ 5 ಮಿ.ಲೀ., ರಾತ್ರಿ 5 ಮಿ.ಲೀ. ಜೊತೆಗೆ ರಾತ್ರಿ ಕ್ಲೊಬಾಜಾಮ್ 5 ಮಿ.ಗ್ರಾಂ. ಮಾತ್ರೆ ಒಂದು. ಫಿಟ್ಸ್ ಹತೋಟಿಯಲ್ಲಿದೆ, ಶಾಲೆಗೆ ಹೋಗುತ್ತಾಳೆ, ಆಟ ಜಗಳ ಎಲ್ಲ ಇದೆ. ತಲೆನೋವು ಇರುವುದು ಮದ್ದು ತರುವುದರಲ್ಲಿ.

ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ, ಡಾಕ್ಟರು ಕರ್ನಾಟಕದ ಮಂಗಳೂರಿನಲ್ಲಿ. ಮೂರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ. ಮಧ್ಯದ ತಿಂಗಳುಗಳಲ್ಲಿ ಮದ್ದು ಇಲ್ಲೇ ಕೊಳ್ಳಬೇಕು. ಸಿರಪ್ ಹೇಗೋ ಕೊಡುತ್ತಾರೆ. ಮಾತ್ರೆ ಕೇಳಿದರೆ ಒಂದು ಅಂಗಡಿಯವರು "ಇದು ಹಳೇ ಚೀಟಿ, ಹೊಸದು ತನ್ನಿ" ಎಂದರು. ಇನ್ನೊಬ್ಬರು "ಕರ್ನಾಟಕದ ಚೀಟಿ ಇಲ್ಲಿ ನಡೆಯಲ್ಲ" ಎಂದೇ ಹೇಳಿಬಿಟ್ಟರು. ಒಂದು ಸ್ಟ್ರಿಪ್ ಮಾತ್ರೆಗೋಸ್ಕರ ಅಡ್ಯನಡ್ಕ, ವಿಟ್ಲ ದಾಟಿ ಮಂಗಳೂರಿಗೆ ಹೋಗಿ ಬಂದರೆ ದಿನ ಪೂರ್ತಿ ಹೋಯಿತು. ಗಂಡ ದುಬೈಯಲ್ಲಿ. ಮನೆಯಲ್ಲಿ ನಾನು, ಅತ್ತೆ, ಮಗಳು.

ಇನ್ನೊಂದು ವಿಷಯ. ಮುಂದಿನ ಸಲ ಬರುವಾಗ ಎಲ್‌ಎಫ್‌ಟಿ, ಸಿಬಿಸಿ (ರಕ್ತಕಣಗಳ ಎಣಿಕೆ), ವಾಲ್ಪ್ರೊಯೇಟ್ ಲೆವೆಲ್ (ರಕ್ತದಲ್ಲಿ ಮದ್ದಿನ ಮಟ್ಟ) ಮಾಡಿಸಿ ತನ್ನಿ ಎಂದು ಬರೆದಿದ್ದಾರೆ. ಇಲ್ಲೇ ಮಾಡಿಸಬಹುದಾ, ಯಾವಾಗ ಮಾಡಿಸಬೇಕು, ಖಾಲಿ ಹೊಟ್ಟೆಯಲ್ಲಿ ಬೇಕಾ? ಇದೇ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ತಲಪಾಡಿ ದಾಟಿದವ
ಕರ್ನಾಟಕದ ಚೀಟಿ ನಡೆಯಲ್ಲ ಅಂತ ಯಾರು ಹೇಳಿದ್ದು ಮಾರಾಯ್ರೆ? ಹಾಗಾದರೆ ಮಂಜೇಶ್ವರ, ಉಪ್ಪಳದವರು ಅರ್ಧಕ್ಕರ್ಧ ಜನ ಮದ್ದಿಲ್ಲದೆ ಇರಬೇಕಿತ್ತು. ನಮಗೆಲ್ಲ ಡಾಕ್ಟರು ಇರುವುದೇ ಮಂಗಳೂರಿನಲ್ಲಿ. ಬೇರೆ ಅಂಗಡಿ ನೋಡಿ.

ಔಷಧಿ ಅಂಗಡಿ, ಕುಂಬಳೆ
ನಾನು ಫಾರ್ಮಸಿಸ್ಟ್. ಕೌಂಟರಿನ ಈ ಕಡೆಯಿಂದ ಹೇಳುತ್ತೇನೆ.

ನೋಂದಾಯಿತ ವೈದ್ಯರ ಚೀಟಿ ಇಡೀ ದೇಶದಲ್ಲಿ ನಡೆಯುತ್ತದೆ. ಮಂಗಳೂರಿನದಾದರೂ ಸರಿ, ದೆಹಲಿಯದಾದರೂ ಸರಿ. "ಇಲ್ಲಿ ನಡೆಯಲ್ಲ" ಎಂದವರು ತಪ್ಪು ಹೇಳಿದ್ದಾರೆ. ಆದರೆ "ಹಳೇ ಚೀಟಿ" ಎಂದವರು ಪೂರ್ತಿ ತಪ್ಪಲ್ಲ. ಇದನ್ನು ಗ್ರಾಹಕರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಸುಮ್ನೆ ವಾಪಸ್ ಕಳಿಸುತ್ತಾರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

1945ರ ಡ್ರಗ್ಸ್ ರೂಲ್ಸ್‌ನಲ್ಲಿ 65ನೇ ನಿಯಮ ಇದೆ. ಅದರ ಪ್ರಕಾರ ಒಂದು ಚೀಟಿಗೆ ಒಂದೇ ಸಲ ಮದ್ದು ಕೊಡಬೇಕು. ಮತ್ತೆ ಮತ್ತೆ ಕೊಡಬೇಕಾದರೆ, ಕೊಡಬಹುದು ಎಂದು ಡಾಕ್ಟರು ಚೀಟಿಯಲ್ಲೇ ಬರೆದಿರಬೇಕು. ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ ಎಂದು ಬರೆದಿದ್ದರೆ ಅದೇ ಪ್ರಕಾರ ಕೊಡಬೇಕು. ಕೊಟ್ಟ ಮೇಲೆ ಅಂಗಡಿಯ ಹೆಸರು, ವಿಳಾಸ, ತಾರೀಕು ಚೀಟಿಯ ಮೇಲೆ ಹಾಕಬೇಕು. ಬಿಪಿ ಮಾತ್ರೆಗೆ ಇದನ್ನು ಯಾರೂ ಅಷ್ಟು ನೋಡುವುದಿಲ್ಲ. ಕ್ಲೊಬಾಜಾಮ್ ಹಾಗಲ್ಲ. ಅದು ಆಲ್ಪ್ರಜೋಲಾಮ್, ಡಯಾಜೆಪಾಮ್ ಕುಟುಂಬದ ಮದ್ದು, ನಶೆ ಮದ್ದುಗಳನ್ನು ಹತೋಟಿಯಲ್ಲಿಡುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇದೆ. ಈ ಗುಂಪಿನ ಮಾತ್ರೆಯನ್ನು ನಶೆಗೆ ಬಳಸುವವರಿದ್ದಾರೆ. ತಪಾಸಣೆಗೆ ಬಂದವರು ಮೊದಲು ಕೇಳುವುದು ಇದರ ಲೆಕ್ಕ. ಹಾಗಾಗಿ ಅಂಗಡಿಯವರಿಗೆ ಹೆದರಿಕೆ.

ನೀವು ಮಾಡಬೇಕಾದ್ದು ಇಷ್ಟು. ಮುಂದಿನ ಸಲ ಡಾಕ್ಟರ ಹತ್ತಿರ, "ಮೂರು ತಿಂಗಳ ತನಕ ತಿಂಗಳಿಗೊಮ್ಮೆ ಕೊಡಬಹುದು ಅಂತ ಚೀಟಿಯಲ್ಲೇ ಬರೆದುಕೊಡಿ" ಎಂದು ಕೇಳಿ. ಮದ್ದಿನ ಜೆನೆರಿಕ್ ಹೆಸರು (ಕಂಪನಿಯ ಬ್ರಾಂಡ್ ಅಲ್ಲ, ಮದ್ದಿನ ಮೂಲ ಹೆಸರು) ದೊಡ್ಡ ಅಕ್ಷರದಲ್ಲಿ ಇರಲಿ. ವೈದ್ಯಕೀಯ ಮಂಡಳಿಯ ನಿಯಮದಲ್ಲಿ 2016ರಿಂದಲೇ ಹಾಗಿದೆ, ಕೇಳಿದರೆ ಬೇಸರ ಮಾಡಿಕೊಳ್ಳುವಂಥದ್ದೇನೂ ಇಲ್ಲ. ಡಾಕ್ಟರ ನೋಂದಣಿ ಸಂಖ್ಯೆ, ತಾರೀಕು, ಮಗುವಿನ ಹೆಸರು, ವಯಸ್ಸು, ತೂಕ ಕಾಣುವಂತಿರಲಿ. ಪ್ರಮಾಣ ಮಿ.ಲೀ.ನಲ್ಲೂ ಮಿ.ಗ್ರಾಂ.ನಲ್ಲೂ ಇರಲಿ.

ಇನ್ನೊಂದು. ಚೀಟಿಯನ್ನು ಲ್ಯಾಮಿನೇಟ್ ಮಾಡಿಸಬೇಡಿ! ಜೋಪಾನ ಎಂದು ತುಂಬಾ ಜನ ಮಾಡಿಸುತ್ತಾರೆ. ನಾವು ಸೀಲು ಹಾಕುವುದು ಎಲ್ಲಿ?

ಪೆರ್ಲದಮ್ಮ
ತುಂಬಾ ಉಪಕಾರ. ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಒಂದು ಸಂಶಯ. ಡಾಕ್ಟರು ಮೂರು ತಿಂಗಳಿಗೆ ಬರೆದರೆ ಮೂರು ತಿಂಗಳ ಮದ್ದು ಒಟ್ಟಿಗೇ ಮಂಗಳೂರಿನಲ್ಲೇ ಕೊಂಡು ಬಂದರೆ ಆಗಲ್ವಾ?

ಔಷಧಿ ಅಂಗಡಿ, ಕುಂಬಳೆ
ಆಗುತ್ತದೆ. ಡಾಕ್ಟರು ಒಟ್ಟು ಎಷ್ಟು ಎಂದು ಬರೆದಿದ್ದರೆ ಅಷ್ಟು ಕೊಡಬಹುದು. ಎಕ್ಸ್‌ಪೈರಿ ತಾರೀಕು ನೋಡಿ ತನ್ನಿ. ಆದರೆ ಮಕ್ಕಳ ತೂಕ ಏರುತ್ತದೆ, ಮಧ್ಯದಲ್ಲಿ ಪ್ರಮಾಣ ಬದಲಾದರೆ ಉಳಿದದ್ದು ದಂಡ. ಬಾಟಲಿಗಳ ಸೀಲು ಒಡೆಯದೆ ಇಡಿ, ಒಂದು ಮುಗಿದ ಮೇಲೆ ಇನ್ನೊಂದು ತೆರೆಯಿರಿ.

ನೀರ್ಚಾಲು ಮೇಷ್ಟ್ರು
ನಮ್ಮ ಮನೆಯಲ್ಲೂ ಇದೇ ಮದ್ದು ನಡೆಯಿತು, ಮಗ ಈಗ ಕಾಲೇಜಿಗೆ ಹೋಗುತ್ತಾನೆ. ನಾನು ಗಣಿತದವ, ಲೆಕ್ಕದಿಂದಲೇ ಹೇಳುತ್ತೇನೆ.

ದಿನಕ್ಕೆ 10 ಮಿ.ಲೀ. 200 ಮಿ.ಲೀ. ಬಾಟಲಿ ತಂದರೆ 20 ದಿನ. ತಿಂಗಳಿಗೆ 300 ಮಿ.ಲೀ. ಬೇಕು, ಅಂದರೆ ಒಂದೂವರೆ ಬಾಟಲಿ. ಅಂಗಡಿಯಲ್ಲಿ ಒಂದೂವರೆ ಕೊಡುವುದಿಲ್ಲ. ಒಂದು ತಂದವರಿಗೆ 20ನೇ ದಿನ ಮುಗಿಯುತ್ತದೆ. ಎರಡು ತಂದವರಿಗೆ 40 ದಿನ ಬರುತ್ತದೆ. ಮಾತ್ರೆ ಮಾತ್ರ 30ಕ್ಕೆ ಮುಗಿಯುತ್ತದೆ. ಹೀಗೆ ಸಿರಪ್‌ಗೆ ಒಂದು ದಿನ, ಮಾತ್ರೆಗೆ ಇನ್ನೊಂದು ದಿನ ಅಂಗಡಿಗೆ ಓಡುವುದು. ಎಲ್ಲ ಗೊಂದಲವೂ ಇಲ್ಲಿಂದ ಶುರು. 100 ಮಿ.ಲೀ. ಬಾಟಲಿ ಸಿಕ್ಕಿದರೆ ಮೂರು ತನ್ನಿ, ತಿಂಗಳಿಗೆ ಸರಿ ಕೂರುತ್ತದೆ. ಇಲ್ಲದಿದ್ದರೆ ಮೂರು ತಿಂಗಳಿಗೆ 900 ಮಿ.ಲೀ., 200ರದ್ದು ಐದು. ನೂರು ಉಳಿಯುತ್ತದೆ, ಆ ಹತ್ತು ದಿನವೇ ನಿಮ್ಮ ಆಪತ್ಕಾಲದ ನಿಧಿ.

ಮದ್ದು ಮುಗಿಯುವ ದಿನ ಅಂಗಡಿಗೆ ಹೋಗಬಾರದು. ಬಾಟಲಿ ತೆರೆದ ದಿನವೇ ಕ್ಯಾಲೆಂಡರಿನಲ್ಲಿ ಮುಗಿಯುವ ದಿನಕ್ಕೆ ಗುರುತು ಹಾಕಿ, ಅದಕ್ಕಿಂತ ಹತ್ತು ದಿನ ಹಿಂದೆ ಇನ್ನೊಂದು ಗುರುತು. ಫೋನಿನ ಆಪ್ ಎಂದು ಕೆಲವರು ಹೇಳುತ್ತಾರೆ. ಅತ್ತೆಯವರಿಗೂ ಕಾಣಬೇಕಾದರೆ ಗೋಡೆಯ ಕ್ಯಾಲೆಂಡರೇ ಒಳ್ಳೆಯದು.

ಫಿಟ್ಸ್ ಮದ್ದು ಒಮ್ಮೆಲೇ ನಿಂತರೆ ಫಿಟ್ಸ್ ಜೋರಾಗಿ ತಿರುಗಿ ಬರಬಹುದು. ಜ್ವರದ ಮಾತ್ರೆ ತಪ್ಪಿದ ಹಾಗೆ ಇದಲ್ಲ.

ತಲಪಾಡಿ ದಾಟಿದವ
ಮೇಷ್ಟ್ರು ಹೇಳಿದ ಹತ್ತು ದಿನ ಸಾಕಾಗಲ್ಲ ಎಂದು ನನಗೆ ಅನಿಸುತ್ತದೆ. 2020ರ ಮಾರ್ಚ್, ಕೊರೊನಾ ಕಾಲ ನೆನಪಿದೆಯಲ್ಲ? ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳದಾರಿಗಳಿಗೆಲ್ಲ ಮಣ್ಣು ಸುರಿದರು. ಕೇರಳ ಹೈಕೋರ್ಟ್ ತೆರೆಯಿರಿ ಎಂದಿತು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಆಂಬುಲೆನ್ಸ್‌ಗಳೇ ವಾಪಸ್ ಬಂದವು. ಹಾಗಿರುವಾಗ ಮದ್ದಿನ ಚೀಟಿ ಹಿಡಿದು ನಿಂತವರನ್ನು ಕೇಳುವವರು ಯಾರು? ಆಮೇಲೆ 2021ರಲ್ಲಿ ಆರ್‌ಟಿ-ಪಿಸಿಆರ್ ರಿಪೋರ್ಟ್ ತೋರಿಸಿ ಎಂದರು. ನಮ್ಮ ಮನೆಯಲ್ಲಿ ಆಗಿನಿಂದ ಒಂದು ತಿಂಗಳ ಮದ್ದು ಯಾವಾಗಲೂ ಜಾಸ್ತಿ ಇರುತ್ತದೆ. ಹರತಾಳ, ಮಳೆ, ಮರ ಬೀಳುವುದು, ಹೈವೇ ಕೆಲಸ... ಇಲ್ಲಿ ಕಾರಣಕ್ಕೆ ಬರಗಾಲ ಇಲ್ಲ.

ಅಜ್ಜಿಯ ಮೊಮ್ಮಗಳು
ಮೇಷ್ಟ್ರು ಅತ್ತೆಯವರ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಗಡಿಯ ಈಚೆ ನಮಗೆ ಇನ್ನೊಂದು ತೊಂದರೆ ಇದೆ, ಆಚೆಯವರಿಗೆ ಗೊತ್ತಾಗುವುದಿಲ್ಲ. ಇಲ್ಲಿನ ಕೆಲವು ಅಂಗಡಿಗಳಲ್ಲಿ ಮದ್ದಿನ ಕವರಿನ ಮೇಲೆ "ಬೆಳಿಗ್ಗೆ, ರಾತ್ರಿ" ಎಂದು ಮಲಯಾಳದಲ್ಲಿ ಬರೆದು ಕೊಡುತ್ತಾರೆ. ನಮ್ಮ ಅಜ್ಜಿಗೆ ಕನ್ನಡ ಮಾತ್ರ ಓದಲು ಬರುವುದು. ತಮ್ಮನಿಗೆ ಮದ್ದು ಹಾಕುವವರು ಅವರೇ, ಅಮ್ಮ ಕಟ್ಟಿದ ಬೀಡಿ ಕೊಡಲು ಬೀಡಿ ಬ್ರಾಂಚಿಗೆ ಹೋದರೆ ಬರುವುದು ತಡ. ನಾವು ಬಾಟಲಿಗೆ ಬಿಳಿ ಪಟ್ಟಿ ಅಂಟಿಸಿ ಸೂರ್ಯ, ಚಂದ್ರನ ಚಿತ್ರ ಬರೆದೆವು. ಸಿರಿಂಜಿನಲ್ಲಿ 5ರ ಗೆರೆಗೆ ಕೆಂಪು ಉಗುರುಬಣ್ಣ. ಚಮಚದ ಲೆಕ್ಕವೇ ಇಲ್ಲ. ಅಡುಗೆಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆ.

ಔಷಧಿ ಅಂಗಡಿ, ಕುಂಬಳೆ
ಉಗುರುಬಣ್ಣದ ಉಪಾಯ ಚೆನ್ನಾಗಿದೆ, ನಾಳೆಯಿಂದ ನಾನೂ ಎಲ್ಲರಿಗೂ ಹೇಳುತ್ತೇನೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಸಿರಪ್ ಬದಲಾದರೆ ಗೆರೆಯೂ ಬದಲಾಗಬೇಕು. ವಾಲ್ಪ್ರೊಯೇಟ್ ಸಿರಪ್ ಸಾಮಾನ್ಯವಾಗಿ 5 ಮಿ.ಲೀ.ಗೆ 200 ಮಿ.ಗ್ರಾಂ., ಅಂದರೆ 1 ಮಿ.ಲೀ.ಗೆ 40. ಇನ್ನೊಂದು ಫಿಟ್ಸ್ ಮದ್ದಾದ ಲೆವೆಟಿರಾಸಿಟಾಮ್ ಸಿರಪ್ 1 ಮಿ.ಲೀ.ಗೆ 100. ಡಾಕ್ಟರು ಮದ್ದು ಬದಲಿಸಿದ ದಿನ ಹಳೇ ಗೆರೆಯ ಸಿರಿಂಜನ್ನು ಬಿಸಾಡಿ.

ಮುಳ್ಳೇರಿಯದವ
ಇಷ್ಟೆಲ್ಲ ಯಾಕೆ? ಜನೌಷಧಿಯಲ್ಲಿ ಹೋಗಿ ತೆಗೆದುಕೊಳ್ಳಿ, ಬೆಲೆ ಎಷ್ಟೋ ಕಡಿಮೆ. ಕಾರುಣ್ಯ ಫಾರ್ಮಸಿ ಇದೆ, ನೀತಿ ಮೆಡಿಕಲ್ ಇದೆ. ಬ್ರಾಂಡ್ ಹೆಸರಿಗೆ ದುಡ್ಡು ಸುರಿಯುವುದು ನಮ್ಮ ಜನರಿಗೆ ಚಟ.

ನೀರ್ಚಾಲು ಮೇಷ್ಟ್ರು
ಬಿಪಿ, ಶುಗರಿಗೆ ನಾನೂ ಜನೌಷಧಿಯದ್ದೇ ತಿನ್ನುವುದು. ಫಿಟ್ಸ್ ಮದ್ದಿನಲ್ಲಿ ಮಾತ್ರ ಈ ತಿಂಗಳು ಒಂದು ಕಂಪನಿ, ಮುಂದಿನ ತಿಂಗಳು ಇನ್ನೊಂದು ಎಂದು ಮಾಡಬಾರದು ಎಂದು ನಮ್ಮ ಡಾಕ್ಟರು ಕಡಾಖಂಡಿತ ಹೇಳಿದ್ದರು.

ಮುಳ್ಳೇರಿಯದವ
ಅದು ಕಂಪನಿಯವರು ಹಬ್ಬಿಸಿದ ಹೆದರಿಕೆ.

ಔಷಧಿ ಅಂಗಡಿ, ಕುಂಬಳೆ
ಇಬ್ಬರೂ ಜಗಳ ಮಾಡಬೇಡಿ. ಜೆನೆರಿಕ್ ಕೆಟ್ಟದ್ದು ಎಂದು ಯಾರೂ ಹೇಳುತ್ತಿಲ್ಲ. ಬದಲಾಯಿಸುತ್ತಾ ಇರುವುದೇ ತೊಂದರೆ. ಫಿಟ್ಸ್ ಮದ್ದುಗಳಲ್ಲಿ ಕೆಲವಕ್ಕೆ ರಕ್ತದಲ್ಲಿ ಪ್ರಮಾಣ ಸ್ವಲ್ಪ ಇಳಿದರೂ ಫಿಟ್ಸ್ ಬರಬಹುದು, ಸ್ವಲ್ಪ ಏರಿದರೂ ಮಗು ತೂಕಡಿಸಬಹುದು. ಜನೌಷಧಿಯದ್ದೇ ಬೇಕೆಂದಿದ್ದರೆ ಡಾಕ್ಟರಿಗೆ ಹೇಳಿ ಶುರು ಮಾಡಿ, ಆಮೇಲೆ ಅದರಲ್ಲೇ ಇರಿ. ಅಲ್ಲಿ ಸ್ಟಾಕ್ ತಪ್ಪುತ್ತದೆಯಾ ಎಂದು ಮೊದಲು ಎರಡು ಸಲ ವಿಚಾರಿಸಿ. ಅಂಗಡಿಯವರು "ಅದು ಇಲ್ಲ, ಇದೂ ಅದೇ" ಎಂದು ಬೇರೆ ಕೊಟ್ಟರೆ, ತೆಗೆದುಕೊಳ್ಳುವ ಮೊದಲು ಡಾಕ್ಟರಿಗೆ ಒಂದು ಫೋನ್ ಮಾಡಿ. ಹೆಸರಿನ ಹಿಂದೆ ಸಿಆರ್, ಕ್ರೋನೋ ಎಂದಿರುವ ಮಾತ್ರೆಗಳು ನಿಧಾನವಾಗಿ ಕರಗುವವು. ಅವನ್ನು ಪುಡಿ ಮಾಡಿ ಕೊಡಬಾರದು, ಸಾದಾ ಮಾತ್ರೆಯ ಜಾಗದಲ್ಲಿ ಕೇಳದೆ ಬಳಸಲೂ ಬಾರದು.

ಮಳೆಗಾಲಕ್ಕೆ ಇನ್ನೊಂದು ಮಾತು. ಸೋಡಿಯಂ ವಾಲ್ಪ್ರೊಯೇಟ್ ಮಾತ್ರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮೂರಿನ ಜೂನ್, ಜುಲೈಯಲ್ಲಿ ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಯಲ್ಲಿ ಹಾಕಿಟ್ಟರೆ ಮೆತ್ತಗಾಗುತ್ತದೆ. ದೊಡ್ಡ ಮಕ್ಕಳಿಗೆ ಮಾತ್ರೆ ಕೊಡುವವರು ತಿನ್ನುವ ಹೊತ್ತಿಗೇ ಬಿಡಿಸಿ.

ಲ್ಯಾಬ್ ಕೆಲಸದವಳು, ಉಪ್ಪಳ
ಮದ್ದಿನ ಚರ್ಚೆಯಲ್ಲಿ ಪರೀಕ್ಷೆಯ ಪ್ರಶ್ನೆ ಮರೆತೇ ಹೋಯಿತು. ನಾನು ಹೇಳುತ್ತೇನೆ.

ಮೂರನ್ನೂ ಒಂದೇ ಸೂಜಿಯಲ್ಲಿ ಮುಗಿಸಬಹುದು. ಬೇರೆ ಬೇರೆ ದಿನ ಮಾಡಿಸಿ ಮಗುವಿಗೆ ಎರಡು ಸಲ ಚುಚ್ಚಿಸಬೇಡಿ. ಎಲ್‌ಎಫ್‌ಟಿ ಎಂದರೆ ಪಿತ್ತಜನಕಾಂಗದ, ಅಂದರೆ ಲಿವರಿನ ಪರೀಕ್ಷೆ. ಸಿಬಿಸಿಯಲ್ಲಿ ಡಾಕ್ಟರು ಮುಖ್ಯವಾಗಿ ನೋಡುವುದು ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ), ವಾಲ್ಪ್ರೊಯೇಟಿನಿಂದ ಅದು ಕಡಿಮೆಯಾಗುವುದುಂಟು. ಇವೆರಡಕ್ಕೂ ಖಾಲಿ ಹೊಟ್ಟೆ ಬೇಕೆಂದಿಲ್ಲ.

ಲೆವೆಲ್ ಮಾತ್ರ ಹೊತ್ತು ನೋಡಿ ಮಾಡಬೇಕಾದ ಪರೀಕ್ಷೆ. ಬೆಳಗಿನ ಮದ್ದು ಕೊಡುವ ಮುಂಚೆ ರಕ್ತ ತೆಗೆಯಬೇಕು. ಆಗ ರಾತ್ರಿ ಕೊಟ್ಟ ಮದ್ದು ರಕ್ತದಲ್ಲಿ ಅತಿ ಕಡಿಮೆ ಮಟ್ಟಕ್ಕೆ ಇಳಿದಿರುತ್ತದೆ, ಡಾಕ್ಟರಿಗೆ ಬೇಕಾದ್ದು ಆ ಸಂಖ್ಯೆ. ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಮಿ.ಲೀ.ಗೆ 50ರಿಂದ 100 ಮೈಕ್ರೋಗ್ರಾಂ ಎಂದು ಮಿತಿ ಬರೆದಿರುತ್ತದೆ. ಮದ್ದು ಕುಡಿಸಿ ಎರಡು ಗಂಟೆ ಬಿಟ್ಟು ಬಂದರೆ ಸಂಖ್ಯೆ ಏರಿ ಕಾಣುತ್ತದೆ. ಅದನ್ನು ನೋಡಿ ಮದ್ದು ಕಡಿಮೆ ಮಾಡಿದರೆ? ಹಾಗಾಗಿ ರಾತ್ರಿಯ ಮದ್ದು ಎಷ್ಟು ಗಂಟೆಗೆ ಕೊಟ್ಟಿರಿ, ರಕ್ತ ಎಷ್ಟು ಗಂಟೆಗೆ ತೆಗೆದರು, ಎರಡನ್ನೂ ರಿಪೋರ್ಟಿನ ಮೂಲೆಯಲ್ಲಿ ಬರೆದಿಡಿ. ರಕ್ತ ಕೊಟ್ಟ ಕೂಡಲೇ ಅಲ್ಲೇ ಕೂತು ಮದ್ದು ಕುಡಿಸಿ. ಸಿರಪ್, ಸಿರಿಂಜು ಚೀಲದಲ್ಲೇ ಇರಲಿ. ತಿಂಡಿ ಕೊಟ್ಟು ಕರೆದುಕೊಂಡು ಬಂದರೆ ತೊಂದರೆ ಇಲ್ಲ, ಹಸಿದ ಮಗು ಇನ್ನೂ ಜಾಸ್ತಿ ಅಳುತ್ತದೆ.

ಎಲ್‌ಎಫ್‌ಟಿ, ಸಿಬಿಸಿ ನಮ್ಮಂಥ ಚಿಕ್ಕ ಲ್ಯಾಬಿನಲ್ಲೂ ಅವತ್ತೇ ಸಿಗುತ್ತದೆ. ಲೆವೆಲ್ ಅನ್ನು ನಾವು ಹೊರಗೆ ದೊಡ್ಡ ಲ್ಯಾಬಿಗೆ ಕಳಿಸುತ್ತೇವೆ, ಎರಡು ಮೂರು ದಿನ ಹಿಡಿಯಬಹುದು. ಶನಿವಾರ ಕೊಟ್ಟರೆ ಇನ್ನೂ ತಡ. ಡಾಕ್ಟರ ದಿನಕ್ಕೆ ಒಂದು ವಾರ ಮುಂಚೆ, ವಾರದ ಮಧ್ಯದಲ್ಲಿ ಬನ್ನಿ. ಯಾವ ಲ್ಯಾಬ್ ಆದರೂ ಸರಿ, ಪ್ರತಿ ಸಲ ಅದೇ ಲ್ಯಾಬಿಗೆ ಹೋಗಿ. ಯಂತ್ರ ಬದಲಾದರೆ ಅಂಕೆಯೂ ಸ್ವಲ್ಪ ಬದಲಾಗುತ್ತದೆ, ಏರಿತೋ ಇಳಿಯಿತೋ ಗೊತ್ತಾಗುವುದಿಲ್ಲ.

ಕೈಗೆ ಮರಗಟ್ಟಿಸುವ ಮುಲಾಮು ಸಿಗುತ್ತದೆ, ಲಿಡೊಕೇನ್, ಪ್ರಿಲೊಕೇನ್ ಸೇರಿದ್ದು. ಸೂಜಿಗೆ ಒಂದು ಗಂಟೆ ಮುಂಚೆ ಹಚ್ಚಬೇಕು. ಸೂಜಿ ಕಂಡರೆ ಕಿರುಚುವ ಮಕ್ಕಳಿಗೆ ಡಾಕ್ಟರನ್ನು ಕೇಳಿ ಹಚ್ಚಿ. "ನೋಯುವುದೇ ಇಲ್ಲ" ಎಂದು ಮಾತ್ರ ಹೇಳಿ ಕರೆತರಬೇಡಿ. ಮುಂದಿನ ಸಲ ಆ ಮಗು ನಮ್ಮ ಲ್ಯಾಬಿನ ಮೆಟ್ಟಿಲೂ ಹತ್ತಲ್ಲ.

ಪೆರ್ಲದಮ್ಮ
ಬೆಳಗಿನ ಮದ್ದಿಗೆ ಮುಂಚೆ ಎಂದು ಚೀಟಿಯಲ್ಲಿ ಬರೆದಿರಲೇ ಇಲ್ಲ! ನಾವು ಮನೆಯಿಂದ ಹೊರಡುವುದೇ ಮದ್ದು ಕೊಟ್ಟ ಮೇಲೆ. ಒಂದು ವೇಳೆ ಲಿವರ್ ಅಂಕೆ ಜಾಸ್ತಿ ಬಂದರೆ ಮದ್ದು ನಿಲ್ಲಿಸಬೇಕಾ? ಅತ್ತೆಗೆ ಅದೇ ಹೆದರಿಕೆ. "ಇಷ್ಟು ಸಣ್ಣ ಮಗುವಿಗೆ ಇಂಗ್ಲಿಷ್ ಮದ್ದು ಲಿವರ್ ತಿನ್ನುತ್ತದೆ" ಎನ್ನುತ್ತಾರೆ.

ಲ್ಯಾಬ್ ಕೆಲಸದವಳು, ಉಪ್ಪಳ
ಅದು ಡಾಕ್ಟರು ಹೇಳಬೇಕಾದ್ದು. ನಾವು ರಿಪೋರ್ಟ್ ಕೊಡುವವರು ಅಷ್ಟೆ.

ಬದಿಯಡ್ಕ ನರ್ಸ್
ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಈ ಮದ್ದಿನಲ್ಲಿ ಎಸ್‌ಜಿಪಿಟಿ, ಎಸ್‌ಜಿಓಟಿ ಎಂಬ ಲಿವರ್ ಅಂಕೆಗಳು ಸ್ವಲ್ಪ ಏರುವುದು ಅಪರೂಪವಲ್ಲ. ಅದೊಂದನ್ನೇ ನೋಡಿ ಮನೆಯಲ್ಲಿ ಮದ್ದು ನಿಲ್ಲಿಸಬಾರದು, ಡಾಕ್ಟರಿಗೆ ರಿಪೋರ್ಟ್ ಕಳಿಸಿ ಕೇಳಬೇಕು. ನಿಜವಾದ ಲಿವರ್ ತೊಂದರೆ ಅಪರೂಪ. ಬಂದರೆ ಜಾಸ್ತಿಯಾಗಿ ಮೊದಲ ಆರು ತಿಂಗಳಲ್ಲಿ ಬರುತ್ತದೆ, ಎರಡು ವರ್ಷಕ್ಕಿಂತ ಸಣ್ಣ ಮಕ್ಕಳಿಗೆ ಅಪಾಯ ಜಾಸ್ತಿ.

ಅಂಕೆಗಿಂತ ಮಗುವನ್ನು ನೋಡಿ. ಮತ್ತೆ ಮತ್ತೆ ವಾಂತಿ, ಊಟ ಬೇಡ ಎನ್ನುವುದು, ಎಬ್ಬಿಸಿದರೂ ಎಚ್ಚರವಾಗದಷ್ಟು ಮಂಕು, ಕಣ್ಣು ಹಳದಿ, ಹತೋಟಿಯಲ್ಲಿದ್ದ ಫಿಟ್ಸ್ ತಿರುಗಿ ಬರುವುದು. ಇಂಥದ್ದು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ. ಹೊಟ್ಟೆನೋವು ಜೋರಾಗಿದ್ದರೂ ಅಷ್ಟೆ, ಮೇದೋಜೀರಕದ ಊತ ಇರಬಹುದು. ಮೈಮೇಲೆ ಏಟಿಲ್ಲದೆ ನೀಲಿ ಕಲೆ ಬಂದರೆ ಪ್ಲೇಟ್‌ಲೆಟ್ ನೋಡಿಸಬೇಕು.

ಬೇರೆ ಕಾಯಿಲೆಗೆ ಬೇರೆ ಡಾಕ್ಟರ ಹತ್ತಿರ ಹೋದಾಗಲೂ ಈ ಮದ್ದುಗಳ ಹೆಸರು ಹೇಳಿ. ಮೆರೊಪೆನೆಮ್ ಗುಂಪಿನ ಆಂಟಿಬಯಾಟಿಕ್ ವಾಲ್ಪ್ರೊಯೇಟಿನ ಮಟ್ಟವನ್ನು ಒಮ್ಮೆಲೇ ಇಳಿಸಿಬಿಡುತ್ತದೆ. ಆಸ್ಪಿರಿನ್ ಏರಿಸುತ್ತದೆ. ಅತ್ತೆಯವರಿಗೆ ಹೇಳಿ, ನಾಟಿ ಮದ್ದು ಕೊಡುವುದಾದರೂ ಡಾಕ್ಟರನ್ನು ಕೇಳಿಯೇ ಕೊಡಲಿ, ಇದನ್ನು ಬಿಡಿಸಿ ಅದನ್ನು ಕೊಡುವುದು ಬೇಡ.

ಇನ್ನು, ಹೆಣ್ಣು ಮಗು. ದೊಡ್ಡವಳಾಗುವ ವಯಸ್ಸು ಹತ್ತಿರ ಬಂದಾಗ ವಾಲ್ಪ್ರೊಯೇಟ್ ಮುಂದುವರಿಸಬೇಕಾ ಎಂದು ಡಾಕ್ಟರೇ ಮಾತು ಎತ್ತುತ್ತಾರೆ, ಮುಂದೆ ಗರ್ಭದ ಮಗುವಿಗೆ ಅದರಿಂದ ಅಪಾಯ ಇರುವುದರಿಂದ. ಈಗಲೇ ಚಿಂತೆ ಬೇಡ, ಗೊತ್ತಿರಲಿ ಎಂದು ಹೇಳಿದೆ.

ಗಲ್ಫಿನಿಂದ ಒಬ್ಬ ಅಪ್ಪ
ನಡುವೆ ಒಂದು ಪ್ರಶ್ನೆ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ, ಕಬ್ಬಿಣ ಕೊಡುತ್ತಾರಲ್ಲ ನಮ್ಮಲ್ಲಿ, ಅದರಿಂದ ಏನಾದರೂ ಉಪಯೋಗ ಇದೆಯಾ? ಮನೆಯಲ್ಲಿ ಎಲ್ಲರೂ ಅದನ್ನೇ ಮಾಡುವುದು.

ಬದಿಯಡ್ಕ ನರ್ಸ್
ಏನೂ ಇಲ್ಲ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಕಬ್ಬಿಣಕ್ಕೆ ಹೆಸರು ಬಂತು ಅಷ್ಟೆ. ಕೀಲಿಕೈ ಹುಡುಕುವ ಹೊತ್ತಿನಲ್ಲಿ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಕೈಕಾಲು ಒತ್ತಿ ಹಿಡಿಯಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಡಾಕ್ಟರು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಬರೆದುಕೊಟ್ಟಿದ್ದರೆ ಅವರು ಹೇಳಿದಷ್ಟು ಹೊಡೆದು ಆಸ್ಪತ್ರೆಗೆ ಹೊರಡಿ. ಸ್ಪ್ರೇ ಇಲ್ಲದಿದ್ದರೆ ನೇರ ಆಸ್ಪತ್ರೆಗೆ.

ಔಷಧಿ ಅಂಗಡಿ, ಕುಂಬಳೆ
ಆ ಸ್ಪ್ರೇ ಶೆಡ್ಯೂಲ್ ಎಚ್1ರಲ್ಲಿ, ಅಂದರೆ ಲೆಕ್ಕ ಇಟ್ಟೇ ಮಾರಬೇಕಾದ ಮದ್ದುಗಳ ಪಟ್ಟಿಯಲ್ಲಿ ಬರುತ್ತದೆ. ಕೊಟ್ಟ ಪ್ರತಿ ಸಲ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಎಂದು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹಾಗಾಗಿ ಎಲ್ಲ ಅಂಗಡಿಯವರೂ ತರಿಸುವುದಿಲ್ಲ. ಮಂಗಳೂರಿಗೆ ಹೋದಾಗಲೇ ತಂದಿಡಿ. ಬಳಸದೆ ಅವಧಿ ಮೀರಿ ಹೋಗುವ ಮದ್ದು ಇದೊಂದೇ. ಕ್ಯಾಲೆಂಡರಿನಲ್ಲಿ ಅದರ ತಾರೀಕನ್ನೂ ಬರೆಯಿರಿ.

ಹೊಸೂರಿನವ
ನಾವು ತಮಿಳುನಾಡಿನ ಗಡಿಯವರು. ಡಾಕ್ಟರು ಬೆಂಗಳೂರಿನಲ್ಲಿ, ಮನೆ ಹೊಸೂರಿನಲ್ಲಿ, ಕಥೆ ಇದೇ. ನನ್ನ ಮಗನ ಡಾಕ್ಟರು ನಡುವಿನ ಭೇಟಿಗೆ ವಿಡಿಯೋದಲ್ಲೇ ನೋಡುತ್ತಾರೆ. ಚೀಟಿ ಪಿಡಿಎಫ್ ಬರುತ್ತದೆ. ಕಾಸರಗೋಡಿನವರು ಇದನ್ನು ಯಾಕೆ ಮಾಡಲ್ಲ?

ಔಷಧಿ ಅಂಗಡಿ, ಕುಂಬಳೆ
ಮಾಡಬಹುದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಹಿಂದೆ ನೋಡಿದ ರೋಗಿಗೆ ಅದೇ ಮದ್ದು ಮತ್ತೆ ಬರೆಯಲು ಅವಕಾಶ ಇದೆ. ಆದರೆ ನಶೆಯ ಪಟ್ಟಿಯ ಮದ್ದುಗಳಿಗೆ ನಿರ್ಬಂಧ ಇದೆ. ಕ್ಲೊಬಾಜಾಮಿನಂಥ ಮಾತ್ರೆಗೆ ಸಹಿ ಹಾಕಿದ ಕಾಗದದ ಚೀಟಿ ಇದ್ದರೆ ಕೌಂಟರಿನಲ್ಲಿ ವಾದ ಇರುವುದಿಲ್ಲ.

ಎಣ್ಮಕಜೆ
ಖರ್ಚಿನ ಮಾತು ಯಾರೂ ಆಡಲಿಲ್ಲ. ನಮ್ಮ ಪಂಚಾಯತಿನಲ್ಲಿ ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಥೆ ಎಲ್ಲರಿಗೂ ಗೊತ್ತು. ಫಿಟ್ಸ್ ಇರುವ ಮಕ್ಕಳು ಇಲ್ಲಿ ಒಂದು ಮನೆಯ ಸುದ್ದಿ ಅಲ್ಲ. ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದರೆ ನಿಗದಿ ಮಾಡಿದ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಎಂದಿದೆ. ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಲಾ ಐದು ಲಕ್ಷ ಕೊಡಿ ಎಂದು ಹೇಳಿತ್ತು. ಅದನ್ನು ಪಡೆಯಲು ಜನ ಮತ್ತೆ ಎಷ್ಟು ಅಲೆದರು ಎಂಬುದು ಬೇರೆ ಕಥೆ, ಇಲ್ಲಿ ಬೇಡ.

ಪಟ್ಟಿಯಲ್ಲಿ ಇಲ್ಲದವರಿಗೂ ಒಂದು ಮಾತು. ಕೇರಳದಲ್ಲಿ ಆರೋಗ್ಯಕಿರಣಂ ಎಂಬ ಯೋಜನೆ ಇದೆ. 18ರ ತನಕದ ಮಕ್ಕಳಿಗೆ ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗುವಿಗೆ ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ ಕೂಡ ಇದ್ದರೆ ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಒಂದು ಲಕ್ಷದ ತನಕ ಇದೆ. ಅದರಲ್ಲಿ ಹೊರರೋಗಿ ಮದ್ದು, ರಕ್ತ ಪರೀಕ್ಷೆ ಎಲ್ಲ ಬರುತ್ತದೆ. ಬಿಲ್ಲು ಬಿಸಾಡಬೇಡಿ. ಮಂಗಳೂರಿನ ಬಿಲ್ಲು, ಇಲ್ಲಿನ ಬಿಲ್ಲು ಎರಡೂ ಒಂದೇ ಫೈಲಿನಲ್ಲಿ ಇರಲಿ.

ಮುಳ್ಳೇರಿಯದವ
ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದಾಗ ನಾವು ಇನ್ನು ಮಂಗಳೂರಿಗೆ ಹೋಗಬೇಕಾಗಿಲ್ಲ ಎಂದು ಲಾಡು ಹಂಚಿದ್ದೆವು. ಲಾಡು ಮಾತ್ರ ಸಿಹಿಯಾಗಿತ್ತು.

ನೀರ್ಚಾಲು ಮೇಷ್ಟ್ರು
ಹಾಗೆಂದು ಹತ್ತಿರದ ಆಸ್ಪತ್ರೆಯನ್ನು ಬಿಟ್ಟುಬಿಡಬೇಡಿ. ಮಂಗಳೂರಿನ ಫೈಲಿನ ಒಂದು ಪ್ರತಿ ತೋರಿಸಿ ಊರಿನ ಮಕ್ಕಳ ಡಾಕ್ಟರ ಪರಿಚಯ ಮಾಡಿಕೊಳ್ಳಿ. ನಮ್ಮ ಮಗನಿಗೆ ಎಷ್ಟೋ ಸಲ ನಡುವಿನ ಚೀಟಿ ಬರೆದುಕೊಟ್ಟವರು ಇಲ್ಲಿನ ಡಾಕ್ಟರೇ. ಮಂಗಳೂರಿನವರು ಏನು ಬರೆದಿದ್ದಾರೆ ಎಂಬ ಕಾಗದ ಕೈಯಲ್ಲಿದ್ದರೆ ಅವರಿಗೂ ಧೈರ್ಯ. ರಾತ್ರಿ ಹನ್ನೊಂದಕ್ಕೆ ಫಿಟ್ಸ್ ಬಂದರೆ ನೀವು ಓಡುವುದು ಅವರ ಹತ್ತಿರಕ್ಕೇ ಅಲ್ವಾ?

ಪೆರ್ಲದಮ್ಮ
ಎಲ್ಲರಿಗೂ ಸುದ್ದಿ ಹೇಳಲು ಬಂದೆ. ಮೊನ್ನೆ ಮಂಗಳೂರಿಗೆ ಹೋಗಿ ಬಂದೆವು. ರಕ್ತ ಪರೀಕ್ಷೆ ಮೊದಲೇ ಇಲ್ಲೇ ಆಗಿತ್ತು, ಬೆಳಗಿನ ಮದ್ದಿಗೆ ಮುಂಚೆ. ರಿಪೋರ್ಟಿನ ಮೂಲೆಯಲ್ಲಿ ಗಂಟೆ ಬರೆದದ್ದನ್ನು ನೋಡಿ ಡಾಕ್ಟರು "ಯಾರು ಹೇಳಿಕೊಟ್ಟರು?" ಎಂದು ಕೇಳಿದರು. ಲಿವರ್, ಪ್ಲೇಟ್‌ಲೆಟ್ ಸರಿ ಇದೆ. ಲೆವೆಲ್ ಕೆಳಗಿನ ಗೆರೆಯ ಹತ್ತಿರ ಇತ್ತು. ಫಿಟ್ಸ್ ಇಲ್ಲವಲ್ಲ, ಅಂಕೆಗೆ ಮದ್ದು ಕೊಡುವುದಲ್ಲ ಎಂದು ಪ್ರಮಾಣ ಹಾಗೇ ಬಿಟ್ಟರು. ತೂಕ ಇನ್ನೂ ಏರಿದರೆ ನೋಡೋಣ ಎಂದರು.

ಚೀಟಿಯಲ್ಲಿ ತಿಂಗಳಿಗೊಮ್ಮೆ ಕೊಡಬಹುದು, ಮೂರು ತಿಂಗಳ ತನಕ ಎಂದು ಬರೆಸಿಕೊಂಡೆ. ಕೇಳಲು ಹೆದರಿಕೆ ಇತ್ತು, ಅವರು ಎರಡು ಸೆಕೆಂಡಿನಲ್ಲಿ ಬರೆದುಬಿಟ್ಟರು. ಊರಿನ ಅಂಗಡಿಯಲ್ಲಿ ತೋರಿಸಿದೆ, ಓದಿ ನೋಡಿ ಸೀಲು ಹಾಕಿ ಮಾತ್ರೆ ಕೊಟ್ಟರು. ಮಲಯಾಳದಲ್ಲಿ ಬರೆಯಲು ಹೊರಟಾಗ 0-0-1 (ರಾತ್ರಿ ಮಾತ್ರ ಒಂದು) ಎಂದು ಅಂಕೆಯಲ್ಲಿ ಬರೆಯಿರಿ ಎಂದೆ. ಅತ್ತೆ ಬಾಟಲಿಗೆ ಸೂರ್ಯ, ಚಂದ್ರ ತಾವೇ ಬರೆದಿದ್ದಾರೆ.

ಈಗ ಹೊಸದೊಂದು. ಮುಂದಿನ ತಿಂಗಳು ಇಇಜಿ (ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ನೋಡುವ ಪರೀಕ್ಷೆ) ಮಾಡಿಸಲು ಹೇಳಿದ್ದಾರೆ. ಅದಕ್ಕೆ ಏನಾದರೂ ತಯಾರಿ ಬೇಕಾ?

ಲ್ಯಾಬ್ ಕೆಲಸದವಳು, ಉಪ್ಪಳ
ಇಇಜಿ ನಮ್ಮಲ್ಲಿ ಇಲ್ಲ.

ಬದಿಯಡ್ಕ ನರ್ಸ್
ತಲೆಗೆ ಎಣ್ಣೆ ಹಾಕಬೇಡಿ. ನಮ್ಮ ಕಡೆ ಅಜ್ಜಿಯಂದಿರು "ಮಂಗಳೂರಿಗೆ ಹೋಗುವ ಮಗು" ಎಂದು ಬೆಳಿಗ್ಗೆಯೇ ತೆಂಗಿನೆಣ್ಣೆ ಮೆತ್ತಿ ಜಡೆ ಹಾಕಿ ಕಳಿಸುತ್ತಾರೆ. ಎಣ್ಣೆ ಇದ್ದರೆ ತಂತಿ ಅಂಟುವುದಿಲ್ಲ, ವಾಪಸ್ ಕಳಿಸಿದರೆ ಅವತ್ತಿನ ದಿನ ಹೋಯಿತು. ಹಿಂದಿನ ರಾತ್ರಿ ಶಾಂಪೂ ಹಾಕಿ ತೊಳೆದು ಒಣಗಿಸಿ, ಕೂದಲು ಬಿಟ್ಟೇ ಕರೆದುಕೊಂಡು ಹೋಗಿ.

ನಿದ್ದೆಯ ಇಇಜಿ ಎಂದು ಬರೆದಿದ್ದರೆ ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸಲು ಹೇಳುತ್ತಾರೆ. ಎಷ್ಟು ಗಂಟೆಗೆ ಎಂದು ಅವರನ್ನೇ ಕೇಳಿ. ಬಸ್ಸಿನಲ್ಲಿ ಮಲಗಿಬಿಟ್ಟರೆ ಅಲ್ಲಿ ಹೋಗಿ ನಿದ್ದೆ ಬರುವುದಿಲ್ಲ, ದಾರಿಯಲ್ಲಿ ಮಾತಾಡಿಸುತ್ತಾ ಇರಿ. ಮದ್ದು ಎಂದಿನಂತೆ ಕೊಡಿ, ಡಾಕ್ಟರೇ ಬೇಡ ಎನ್ನದಿದ್ದರೆ ಒಂದು ಹೊತ್ತೂ ತಪ್ಪಿಸಬೇಡಿ. ಹಳೇ ಇಇಜಿ ರಿಪೋರ್ಟ್ ಇದ್ದರೆ ಅದನ್ನೂ ಒಯ್ಯಿರಿ.

ಪೆರ್ಲದಮ್ಮ
ಬಸ್ಸಿನಲ್ಲಿ ನಿದ್ದೆ ಮಾಡದೆ ಇರಿಸುವುದೇ ಕಷ್ಟದ ಕೆಲಸ, ಅಡ್ಯನಡ್ಕ ಬರುವ ಮೊದಲೇ ಒರಗುವವಳು. ಮಧ್ಯಾಹ್ನದ ಅಪಾಯಿಂಟ್‌ಮೆಂಟ್ ಸಿಗುತ್ತದೆಯಾ ಎಂದು ನಾಳೆ ಫೋನ್ ಮಾಡಿ ಕೇಳುತ್ತೇನೆ.